ನೆಲಮಾಳಿಗೆಯ ಮಕ್ಕಳ ಸಾಲು

ಅಲೌಕಿಕ ಸಂಗತಿಗಳಿಗೂ ನನಗೂ ಎಂದೂ ಹೋಗಿಬರುವ ಬಳಕೆ ಇರಲಿಲ್ಲ. ಹೊಳೆನರಸೀಪುರದಲ್ಲಿ ನಿವೃತ್ತಿಯಾಗುವವರೆಗೂ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ನಾನು. ನಮ್ಮ ಬೀದಿಯಲ್ಲಿ ಯಾರ ಮೈಮೇಲಾದರೂ ಏನಾದರೂ ಬಂದರೆ ನನಗೆ ಮಾತ್ರ ಹೇಳಿಕಳಿಸುತ್ತಿರಲಿಲ್ಲ. ನಾನು ಹೋದರೆ ಬಂದದ್ದು ಹೊರಟುಬಿಡುತ್ತದೆ, ತಂದ ಕೋಳಿ ದಂಡವಾಗುತ್ತದೆ ಎಂದು ಅವರ ಅಂಜಿಕೆ. ಸತ್ತವರು ಸತ್ತಿರುತ್ತಾರೆ, ಅವರ ಬಗ್ಗೆ ನಾವು ಖಚಿತವಾಗಿ ಹೇಳಬಹುದಾದದ್ದು ಇಷ್ಟೇ ಎಂದು ತರಗತಿಯಲ್ಲಿ ಗಂಭೀರವಾಗಿ ಸಾರುತ್ತಿದ್ದೆ. ಪರೀಕ್ಷೆಗೆ ಬಂದರೂ ಬರಬಹುದೆಂದು ಮಕ್ಕಳು ಬರೆದುಕೊಳ್ಳುತ್ತಿದ್ದರು.

ಈಗ ಹೇಳುವುದು ಕೆಲವು ವರ್ಷಗಳ ಹಿಂದೆ, ಹಾಡಹಗಲಿನಲ್ಲಿ, ನನ್ನ ಕಣ್ಣೆದುರಿಗೇ ಆದದ್ದು. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನೀನು ನಂಬುತ್ತೀಯಾ ಎಂದು ತಿರುಗಿಸಿ ಕೇಳಿದರೆ ಉತ್ತರ ಕೊಡಲು ನನಗೂ ಸ್ವಲ್ಪ ಸಮಯ ಬೇಕಾಗುತ್ತದೆ.

ನನ್ನ ಅಕ್ಕನನ್ನು ಕೊಟ್ಟದ್ದು ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರದ ಕಡೆಯ ಒಂದು ಹಳ್ಳಿಗೆ. ಭಾವ ಹೊಗೆಸೊಪ್ಪಿನ ಬೆಳೆಗಾರ. ಹೊಗೆಸೊಪ್ಪು ಬೆಳೆದು, ಅದನ್ನು ಬ್ಯಾರನ್ನು ಎಂಬ ಎತ್ತರದ ಕಟ್ಟಡದಲ್ಲಿ ಸಾಲುಸಾಲಾಗಿ ತೂಗುಹಾಕಿ, ಕೆಳಗೆ ಬೆಂಕಿ ಕೊಟ್ಟು ಹದವಾಗಿ ಒಣಗಿಸಿ, ಹರಾಜಿಗೆ ಹಾಕುವುದರಲ್ಲಿ ಅವರ ಆಯುಷ್ಯ ಕಳೆದಿತ್ತು. ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಹಾಸನದಲ್ಲಿ, ಒಬ್ಬಳು ಚನ್ನರಾಯಪಟ್ಟಣದಲ್ಲಿ, ಗಂಡಂದಿರನ್ನು ಹದ್ದುಬಸ್ತಿನಲ್ಲಿಟ್ಟುಕೊಂಡು ಸುಖವಾಗಿದ್ದಾರೆ. ಇವರಿಬ್ಬರಿಗಿಂತ ಮುಂಚೆ ಒಂದು ಗಂಡುಕೂಸಾಗಿತ್ತು. ತೊಟ್ಟಿಲು ಬಿಡುವ ಮುಂಚೆಯೇ ಜ್ವರ ಬಂದು ತೀರಿಹೋಯಿತು.

ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅದರಲ್ಲೂ ಎಳೆಗೂಸು ಹೋದರೆ ಎಲ್ಲಿ ಮಣ್ಣು ಮಾಡಿದರು ಎಂಬುದನ್ನು ಹೆತ್ತವಳಿಗೆ ಹೇಳುವುದೇ ಇಲ್ಲ. ಹೇಳಿದರೆ ಅಲ್ಲೇ ಹೋಗಿ ಕೂರುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎನ್ನುತ್ತಾರೆ. ಅಕ್ಕನನ್ನು ಕೋಣೆಯಲ್ಲಿ ಹಿಡಿದು ಕೂರಿಸಿಕೊಂಡಿದ್ದರಂತೆ. ಭಾವ ಮತ್ತು ಅವರ ತಂದೆ ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೋಗಿ, ಕಾಲು ತೊಳೆದುಕೊಂಡು ಮುಂಬಾಗಿಲಿನಿಂದ ಬಂದರು. ಅಷ್ಟೇ. ನಾನು ಆಗ ಹಾಸನದಲ್ಲಿ ಓದುತ್ತಿದ್ದೆ; ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೂಸಿಗೆ ಒಂದು ಹೆಸರು ಇಟ್ಟಿದ್ದರು. ಆಮೇಲೆ ಆ ಹೆಸರನ್ನು ಮನೆಯಲ್ಲಿ ಯಾರೂ ಹೇಳಲಿಲ್ಲ.

ಅಕ್ಕ ಕೇಳುವುದನ್ನು ಬಿಟ್ಟಿರಲಿಲ್ಲ. ಜಗಳವಾಡಿ ಕೇಳುವವಳಲ್ಲ. ಊಟಕ್ಕೆ ಬಡಿಸುವಾಗಲೋ ಸೊಪ್ಪು ಕಟ್ಟುವಾಗಲೋ, ಎಷ್ಟೋ ತಿಂಗಳಿಗೊಮ್ಮೆ, "ಎಲ್ಲಿ ಮಡುಗುದ್ರಿ?" ಎನ್ನುವಳು. ಭಾವ ಎದ್ದು ಆಚೆ ಹೋಗಿಬಿಡುವರು. ಮಾವನೂ ಅತ್ತೆಯೂ ಹೋದ ಮೇಲಾದರೂ ಹೇಳಬಹುದಾಗಿತ್ತು, ಹೇಳಲಿಲ್ಲ. ಮೊಮ್ಮಕ್ಕಳಾದ ಮೇಲೂ ಅವಳು ಕೇಳುತ್ತಿದ್ದಳು, ಅವರು ಎದ್ದು ಹೋಗುತ್ತಿದ್ದರು. ಮಂಡಿ ನೋವು ಬಂದದ್ದರಿಂದ ಏಳುವುದು ಮಾತ್ರ ಸ್ವಲ್ಪ ನಿಧಾನವಾಗಿತ್ತು.

ಆ ವರ್ಷ ಸೊಪ್ಪಿಗೆ ಒಳ್ಳೆಯ ಬೆಲೆ ಬಂತು. ಹಾಸನದ ಒಬ್ಬರು ವಯಸ್ಸಾದವರನ್ನೆಲ್ಲ ಒಟ್ಟುಮಾಡಿ, ಅಡಿಗೆಯವನ ಸಮೇತ ಇಟಲಿಗೆ ಕರೆದುಕೊಂಡು ಹೋಗುತ್ತಾರೆಂದು ತಿಳಿದು, ನಾನೇ ಅಕ್ಕ ಭಾವ ಇಬ್ಬರನ್ನೂ ಹೊರಡಿಸಿ, ಜೊತೆಗೆ ನಾನೂ ಹೊರಟೆ. ನಾವು ಇಟಲಿಯನ್ನು ನೋಡಿದೆವು ಎನ್ನುವುದಕ್ಕಿಂತ ಇಟಲಿ ನಮ್ಮನ್ನು ನೋಡಿತು ಎನ್ನುವುದೇ ಸರಿ. ಚಳಿಗೆ ತಲೆಗೆ ಟವೆಲು ಸುತ್ತಿ, ಚಿತ್ರಾನ್ನದ ಡಬ್ಬಿ ಹಿಡಿದು, ಕಲ್ಲಿನ ಮೆಟ್ಟಿಲುಗಳ ಮೇಲೆ ಸಾಲಾಗಿ ಕುಳಿತ ನಮ್ಮನ್ನು ಅಲ್ಲಿನ ಜನ ಫೋಟೋ ತೆಗೆದುಕೊಂಡರು.

ಪ್ರವಾಸದ ಕೊನೆಗೆ ದಕ್ಷಿಣದ ಒಂದು ದ್ವೀಪಕ್ಕೆ ಹೋದೆವು. ಅವತ್ತು ನೋಡಬೇಕಾಗಿದ್ದ ಅರಮನೆಯ ಬಾಗಿಲು ಯಾವುದೋ ಕಾರಣಕ್ಕೆ ಮುಚ್ಚಿತ್ತು. ಹೊತ್ತು ಕಳೆಯಬೇಕಲ್ಲ ಎಂದು ಪ್ರವಾಸದ ಯಜಮಾನರು, ಹತ್ತಿರದಲ್ಲೇ ಸನ್ಯಾಸಿಗಳ ಮಠದ ಕೆಳಗೆ ಒಂದು ಹಳೆಯ ನೆಲಮಾಳಿಗೆಯಿದೆ, ಅಲ್ಲಿ ಹೆಣಗಳನ್ನು ಒಣಗಿಸಿ, ಬಟ್ಟೆ ತೊಡಿಸಿ, ಕೆಡದ ಹಾಗೆ ನಿಲ್ಲಿಸಿದ್ದಾರೆ, ಬಹಳ ಪ್ರಸಿದ್ಧ ಎಂದರು. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯ ಯಜಮಾನರೊಬ್ಬರು ನಮ್ಮೆಲ್ಲರ ಪರವಾಗಿ ಎದ್ದು ನಿಂತು, "ಹೆಣ ನೋಡುದ್ಮೇಲೆ ತಲೆ ಮ್ಯಾಲೆ ನೀರು ಉಯ್ಕಬೇಕಲ್ಲ ಸಾ, ಅದುಕ್ಕೇನು ಮಾಡ್ಸಿದ್ದೀರಿ?" ಎಂದರು. ಅದಕ್ಕೆ ಏನೂ ಮಾಡಿಸಿರಲಿಲ್ಲ. ಹೋಟೆಲು ದೂರ. ಸಂಜೆವರೆಗೂ ಮೈಲಿಗೆಯಲ್ಲಿ ಕುಳಿತು ಚಿತ್ರಾನ್ನ ತಿನ್ನುವುದು ಹೇಗೆಂಬ ಬಗ್ಗೆ ದೀರ್ಘವಾದ ಚರ್ಚೆಯಾಯಿತು. ಕೊನೆಗೆ ಗಂಡಸರಲ್ಲಿ ಕೆಲವರು ಇಳಿಯುವುದು, ಹೆಂಗಸರು ಬಸ್ಸಿನಲ್ಲೇ ಇರುವುದು ಎಂದಾಯಿತು.

ಅಕ್ಕ ಎದ್ದು ಸೆರಗು ಸಿಕ್ಕಿಸಿಕೊಂಡಳು. ಪ್ರವಾಸದ ಯಜಮಾನರು ಅವಳಿಗೆ ಅರ್ಥವಾಗಿಲ್ಲವೇನೋ ಎಂದು, ಅಮ್ಮ, ಅದು ಸತ್ತವರನ್ನು ಇಟ್ಟಿರುವ ಜಾಗ ಎಂದು ಬಿಡಿಸಿ ಹೇಳಿದರು.

"ಅದುಕ್ಕೇ ಬತ್ತಿರಾದು" ಎಂದಳು ಅಕ್ಕ.

ತನ್ನ ಜೀವಮಾನದಲ್ಲಿ ಸುಡುಗಾಡಿನ ದಿಕ್ಕಿಗೆ ತಲೆ ಹಾಕಿದವಳಲ್ಲ. ಮೂವರೂ ಇಳಿದೆವು.

ಮೆಟ್ಟಿಲಿಳಿದು ಹೋದರೆ ಒಳಗೆ ತಣ್ಣಗಿತ್ತು, ಒಣಗಿತ್ತು. ನಾನು ನಿರೀಕ್ಷಿಸಿದ ವಾಸನೆ ಇರಲಿಲ್ಲ. ಹಳೆಯ ಸುಣ್ಣ ಮತ್ತು ಧೂಳಿನ ವಾಸನೆ, ರಜೆ ಮುಗಿಸಿ ಶಾಲೆಯ ಬೀರು ತೆಗೆದರೆ ಬರುತ್ತದಲ್ಲ, ಅಂಥದ್ದು. ಎರಡೂ ಗೋಡೆಗಳಲ್ಲಿ ಗೂಡುಗಳು, ಗೂಡುಗಳಲ್ಲಿ ಜನ. ಕೋಟು, ಕೈಗವಸು, ಟೋಪಿ ಹಾಕಿಕೊಂಡು ನಿಂತಿದ್ದರು. ಕೆಲವರ ಕತ್ತು ಬಾಗಿತ್ತು, ಕೆಲವರ ದವಡೆ ಜೋತುಬಿದ್ದಿತ್ತು. ಬಹಳ ಹೊತ್ತು ಭಾಷಣ ಕೇಳಿ ನಿದ್ದೆ ಹೋದ ಸಭೆಯ ಹಾಗೆ ಕಾಣುತ್ತಿತ್ತು. ಸನ್ಯಾಸಿಗಳಿಗೆ ಒಂದು ಸಾಲು, ಹೆಂಗಸರಿಗೆ ಒಂದು ಸಾಲು, ವಕೀಲರು ಮತ್ತು ದೊಡ್ಡ ಮನುಷ್ಯರಿಗೆ ಒಂದು ಸಾಲು. ಮೇಷ್ಟರುಗಳಿಗೆ ಅಲ್ಲಿಯೂ ಪ್ರತ್ಯೇಕ ವ್ಯವಸ್ಥೆ ಇರಲಿಲ್ಲವೆಂಬುದನ್ನು ಗಮನಿಸಿದೆ.

ಭಾವನಿಗೆ ಮೊದಮೊದಲು ಲವಲವಿಕೆ ಬಂದುಬಿಟ್ಟಿತು. ಇದೂ ಒಂದು ಬ್ಯಾರನ್ನೇ ಎಂದು ಅವರಿಗೆ ಅನ್ನಿಸಿರಬೇಕು. ಕೈ ಹಿಂದೆ ಕಟ್ಟಿಕೊಂಡು, ಹರಾಜಿನಲ್ಲಿ ಸೊಪ್ಪು ನೋಡುವ ಹಾಗೆ ಒಬ್ಬೊಬ್ಬರ ಮುಂದೆಯೂ ನಿಂತು ಪರೀಕ್ಷಿಸಿದರು. "ಇದು ಅದವಾಗಿ ಒಣಗೈತೆ ಮೇಷ್ಟ್ರೇ. ಪಕ್ಕದ್ದು ನೋಡು, ಉರಿ ಜಾಸ್ತಿ ಕೊಟ್ಟು ಕೆಡುಸವ್ರೆ" ಎಂದರು. ಒಬ್ಬ ದಪ್ಪ ವಕೀಲರನ್ನು ನೋಡಿ, ಇದರ ನಡುದಂಟು ಹಸಿ ಉಳಿದಿದೆ, ಹರಾಜಿನಲ್ಲಿ ತಿರಸ್ಕಾರವಾಗುವ ಮಾಲು ಎಂದು ತೀರ್ಪು ಕೊಟ್ಟರು.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹೆದರಿಕೆಯೂ ಆಗಲಿಲ್ಲ, ಅಸಹ್ಯವೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಕೊಟ್ಟಾಗ ದವಡೆ ಹೇಗಾಗುತ್ತದೋ ಹಾಗೆ ಇಡೀ ಮೈ ಆಗಿತ್ತು. ಮುಟ್ಟಿದರೆ ಮುಟ್ಟಿದ್ದು ತಿಳಿಯುತ್ತದೆ, ಅದು ನಮ್ಮದೇ ಕೆನ್ನೆ ಅನ್ನಿಸುವುದಿಲ್ಲ. ಹಾಗೆ ನಡೆಯುತ್ತ ಹೋದೆ.

ಒಂದು ತಿರುವಿನಲ್ಲಿ ಭಾವ ನಿಂತುಬಿಟ್ಟರು. ಅದು ಮಕ್ಕಳ ಸಾಲು. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಅಂಗಿಗಳು, ಸಣ್ಣ ಟೋಪಿಗಳು. ಭಾವ ಹಿಂದಕ್ಕೆ ತಿರುಗಿ ಮೆಟ್ಟಿಲ ಕಡೆಗೆ ನಡೆದರು. ಮಂಡಿ ನೋವಿನ ಮನುಷ್ಯ ಅಷ್ಟು ಬೇಗ ನಡೆದದ್ದನ್ನು ನಾನು ಕಂಡಿರಲಿಲ್ಲ.

ಅಕ್ಕ ಒಳಗೆ ಹೋದಳು. ಕೊನೆಯಲ್ಲಿ ಒಂದು ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೂಸು ಮಲಗಿತ್ತು. ಉಳಿದವುಗಳ ಹಾಗೆ ಒಣಗಿರಲಿಲ್ಲ. ಕೆನ್ನೆ ತುಂಬಿಕೊಂಡು, ರೆಪ್ಪೆ ಮುಚ್ಚಿಕೊಂಡು, ಈಗಷ್ಟೇ ಹಾಲು ಕುಡಿಸಿ ಮಲಗಿಸಿದ ಹಾಗೆ ಇತ್ತು. ಔಷಧಿಗಳ ಪ್ರಭಾವ ಎಂದು ನನ್ನೊಳಗಿನ ಮೇಷ್ಟ್ರು ಹೇಳಿದ. ಅಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎರಡೂ ಕೈಗಳನ್ನು ಗಾಜಿನ ಮೇಲೆ ಆಡಿಸಿ ತಂದು, ತನ್ನ ಕಿವಿಯ ಪಕ್ಕದಲ್ಲಿ ಒತ್ತಿ, ಲಟಲಟನೆ ನೆಟಿಕೆ ಮುರಿದಳು. ಚೆನ್ನಾಗಿರುವ ಕೂಸನ್ನು ಕಂಡರೆ ದೃಷ್ಟಿಯಾಗದಿರಲೆಂದು ನಮ್ಮ ಹೆಂಗಸರ ಕೈ ತಾನಾಗಿ ಮಾಡುವ ಕೆಲಸ. ಇನ್ನು ಯಾರ ಕಣ್ಣೂ ಏನೂ ಮಾಡಲಾರದ ಕೂಸಿಗೆ ಅವಳು ದೃಷ್ಟಿ ತೆಗೆದಳು. ಆ ಸದ್ದಿಗೆ ಕಾವಲಿನವನು ಓಡಿಬಂದ. ಆ ಜಾಗದಲ್ಲಿ ಮೂಳೆ ಮುರಿದ ಸದ್ದು ಕೇಳಿದರೆ ಯಾವ ಕಾವಲಿನವನಾದರೂ ಓಡಿಬರಲೇಬೇಕು.

ಅವನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಹೇಳಿ ಹೋದ. ಅಕ್ಕ ಅದನ್ನು ಗಮನಿಸಲೇ ಇಲ್ಲ. ತೊಟ್ಟಿಲ ಪಕ್ಕದಲ್ಲಿ ಕೂರುವ ಹಾಗೆ ಪೆಟ್ಟಿಗೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. ಕುಳಿತು, "ಹೂಂ" ಎಂದಳು. ಸ್ವಲ್ಪ ಬಿಟ್ಟು ಇನ್ನೊಂದು ಸಲ "ಹೂಂ" ಎಂದಳು. ಕಥೆ ಕೇಳುವವರು ಹೂಂಗುಟ್ಟುತ್ತಾರಲ್ಲ, ಹಾಗೆ. ನಡುನಡುವೆ ಬಿಡುವು ಕೊಟ್ಟು, ಒಮ್ಮೆ ತಲೆಯಾಡಿಸಿ, ಒಮ್ಮೆ ಹುಬ್ಬು ಗಂಟಿಕ್ಕಿ. ನಾನು ಹೊರಡೋಣವೇ ಎಂದೆ. ನನ್ನ ಕಡೆ ತಿರುಗದೆ ಅಂಗೈ ಎತ್ತಿ ತಡೆದಳು. ಫೋನಿನಲ್ಲಿ ಮಾತಾಡುತ್ತಿರುವವರು ಪಕ್ಕದವರನ್ನು ತಡೆಯುವ ಹಾಗೆ. ನಾನು ಗೋಡೆಯ ಕಡೆ ನೋಡುತ್ತ ನಿಂತೆ. ನನಗೆ ಏನೂ ಕೇಳಿಸಲಿಲ್ಲ. ಕೇಳಿಸಿತು ಎಂದು ಬರೆದರೆ ಈ ಬರಹಕ್ಕೆ ಕಳೆ ಬರುತ್ತಿತ್ತು, ಆದರೆ ಕೇಳಿಸಲಿಲ್ಲ.

ಕೊನೆಗೆ ಎದ್ದಳು. ಮಂಡಿ ಹಿಡಿದುಕೊಂಡಿತ್ತು, ನನ್ನ ಭುಜ ಹಿಡಿದು ಮೇಲೆ ಬಂದಳು.

ಹೊರಗೆ ಬಿಸಿಲಿತ್ತು. ಭಾವ ಒಂದು ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಅಕ್ಕ ಬಾಟಲಿಯ ನೀರಿನಲ್ಲಿ ಮುಖ ತೊಳೆದು, ಸೆರಗಿನಿಂದ ಒರೆಸಿಕೊಂಡು, ಅವರ ಪಕ್ಕದಲ್ಲಿ ಕುಳಿತಳು. ಬೆಳೆಗೆ ನೀರು ಬಿಟ್ಟಿರಾ ಎಂದು ಕೇಳುವ ದನಿಯಲ್ಲಿ ಹೇಳಿದಳು.

"ನನ್ ಕೂಸ್ನ ಎರಡ್ ಸತಿ ಮಣ್ಣು ಮಾಡುದ್ರಂತಲ್ಲ. ಮೊದ್ಲು ಮಡುಗಿದ್ ಜಾಗ್ದಲ್ಲಿ ಇಲ್ವಂತೆ."

ಭಾವ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. "ನೀನೇನಾರ ಏಳುದ್ಯೇನ್ಲಾ?" ಎಂದರು. ನಗೆಯಾಟಕ್ಕೂ ನನ್ನನ್ನು ಮೇಷ್ಟ್ರೇ ಎನ್ನುವ ಮನುಷ್ಯ, ಅವತ್ತು 'ಲಾ' ಎಂದರು. ನನಗೆ ಗೊತ್ತಿದ್ದರಲ್ಲವೇ ಹೇಳುವುದು? ಕೂಸನ್ನು ಮೊದಲು ಎಲ್ಲಿ ಇಟ್ಟರೆಂಬುದೇ ನನಗೆ ತಿಳಿಯದು. ಎರಡನೆಯ ಸಲದ ಮಾತನ್ನು ನಾನು ಆ ಬೆಂಚಿನ ಮುಂದೆ ನಿಂತೇ ಮೊದಲ ಬಾರಿಗೆ ಕೇಳಿದ್ದು. ಹಾಗೆಂದೆ.

ಭಾವ ನಿಂತಿದ್ದ ನಮ್ಮ ಬಸ್ಸಿನ ಚಕ್ರವನ್ನು ನೋಡುತ್ತ ಹೇಳಿದರು. ತಂದೆ ಮಗ ಸೇರಿ ಕೂಸನ್ನು ಹೊಲದ ಕೊನೆಯಲ್ಲಿ ಒಂದು ಹೊಂಗೆಮರದ ಬುಡಕ್ಕೆ, ಉಪ್ಪು ಹಾಕಿ ಮಣ್ಣು ಮಾಡಿದ್ದರು. ಮುಂದಿನ ಬೇಸಿಗೆಯಲ್ಲಿ ನಾಲೆಯ ಅಳತೆಗೆ ಬಂದವರು ಸುಣ್ಣದ ಗೆರೆ ಎಳೆದುಕೊಂಡು ಹೋದರು. ಗೆರೆ ಸರಿಯಾಗಿ ಆ ಮರದ ಮೇಲೇ ಹೋಗಿತ್ತು. ಇಟ್ಟ ಹೆಣವನ್ನು ಕದಲಿಸಬಾರದೆಂದು ಮನೆಯಲ್ಲಿ ಕೇಳಿದರೆ ಹೇಳುತ್ತಾರೆ. ಕದಲಿಸದಿದ್ದರೆ ಯಂತ್ರ ಬಂದು ಎತ್ತಿ ಎಸೆಯುತ್ತದೆ. ಭಾವ ಯಾರಿಗೂ ಹೇಳಲಿಲ್ಲ, ತಂದೆಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ದನ ಬಿಡುವ ಮುಂಚೆ ಹೋಗಿ ತಾವೇ ಅಗೆದರು.

"ಅಂಗೇ ಇತ್ತು" ಎಂದರು. "ಒಂದು ಚೂರೂ ಕೆಟ್ಟಿರ್ನಿಲ್ಲ. ಮಲುಗ್ದಂಗಿತ್ತು. ಎದ್ಬುಟ್ಟಾತು ಅಂತ ಮೆಲ್ಲುಕೆ ಎತ್ಕಂಡೆ."

ಒಳಗಿನ ಆ ಗಾಜಿನ ಪೆಟ್ಟಿಗೆಯ ತನಕ ಅವರು ಬಂದಿರಲಿಲ್ಲ. ತಿರುವಿನಲ್ಲೇ ತಿರುಗಿ ಹೋದವರು.

ಅಕ್ಕ ಒಂದೇ ಪ್ರಶ್ನೆ ಕೇಳಿದಳು, ಯಾವಾಗಲೂ ಕೇಳುತ್ತಿದ್ದದ್ದನ್ನೇ. ಈ ಸಲ ಭಾವ ಎದ್ದು ಹೋಗಲಿಲ್ಲ.

"ಬ್ಯಾರನ್ ಇಂದ್ಗಡೆ" ಎಂದರು. "ಅಲ್ಲಿ ಬೆಚ್ಚುಗಿರ್ತದಲ್ಲ, ಅದುಕ್ಕೆ."

ಸೊಪ್ಪು ಕೊಯ್ಲಿನ ಕಾಲದಲ್ಲಿ ಅಕ್ಕ ಬ್ಯಾರನ್ನಿನ ಹಿಂದೆ ನೆರಳಿರುವ ಕಡೆ ಚಾಪೆ ಹಾಕಿಕೊಂಡು, ಹೆಂಗಸರ ಜೊತೆ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾಳೆ. ಮದುವೆಯಾದಂದಿನಿಂದ ಕಟ್ಟಿದ್ದಾಳೆ. ಇಬ್ಬರು ಹೆಣ್ಣುಮಕ್ಕಳೂ ಅಲ್ಲೇ ಚಾಪೆಯ ಮೇಲೆ ಬೆಳೆದರು. ಇದನ್ನು ನಾನು ಆಗ ಯೋಚಿಸಿದೆ, ಅವಳೂ ಯೋಚಿಸಿರಬೇಕು. ಯಾಕೆ ಇಷ್ಟು ವರ್ಷ ಹೇಳಲಿಲ್ಲ ಎಂದು ಕೇಳಿದ್ದು ನಾನು, ಅವಳಲ್ಲ. ಮೊದಲು ಹಿರಿಯರ ಹೆದರಿಕೆಯಿತ್ತು, ಆಮೇಲೆ ಹೇಳಲು ಬಾಯೇ ಬರಲಿಲ್ಲ ಎಂದರು ಭಾವ. ಅಕ್ಕ ಅಳಲಿಲ್ಲ. ಬಸ್ಸು ಹತ್ತಿ ಚಿತ್ರಾನ್ನ ತಿಂದಳು, ಮೇಲೆ ಮೊಸರನ್ನ ಹಾಕಿಸಿಕೊಂಡಳು. ತೆಂಗಿನಕಾಯಿ ಮಂಡಿಯ ಯಜಮಾನರು ಬಾಟಲಿಯ ನೀರನ್ನು ನಮ್ಮ ತಲೆಗಳ ಮೇಲೆ ಚಿಮುಕಿಸಿ, ತಾತ್ಕಾಲಿಕವಾಗಿ ಶುದ್ಧಿಯಾಯಿತೆಂದು ಘೋಷಿಸಿದರು.

ಆ ಮರಗಟ್ಟಿದ ಸ್ಥಿತಿ ನನಗೆ ಸಂಜೆಗೆ ಇಳಿಯಬಹುದೆಂದುಕೊಂಡೆ. ಇಳಿಯಲಿಲ್ಲ. ವಿಮಾನದಲ್ಲಿ ಕುಳಿತು, ಸಮಸ್ಯೆಯನ್ನು ತರಗತಿಯಲ್ಲಿ ಬಿಡಿಸುವ ಹಾಗೆ ಬಿಡಿಸಲು ನೋಡಿದೆ. ಭಾವ ನಿದ್ದೆಯಲ್ಲಿ ಬಡಬಡಿಸಿರಬಹುದೇ? ಅಕ್ಕನನ್ನೇ ಕೇಳಿದೆ. "ಇವ್ರು ನಿದ್ದೇಲಿ ಗೊರಕೆ ಬುಟ್ರೆ ಇನ್ನೇನೂ ಆಡಾಕಿಲ್ಲ" ಎಂದಳು. ಬೆಳಿಗ್ಗೆ ಅವರು ಅಗೆಯುವುದನ್ನು ಯಾರಾದರೂ ಕಂಡು ಅವಳ ಕಿವಿಗೆ ಹಾಕಿರಬಹುದೇ? ಹಾಕಿದ್ದರೆ ಆಮೇಲೂ ಅಷ್ಟು ವರ್ಷ ಯಾಕೆ ಕೇಳುತ್ತಿದ್ದಳು? ಊಹಿಸಿದಳೇ? ಎಲ್ಲಿ ಎಂಬುದನ್ನು ಊಹಿಸಬಹುದು. ಎರಡು ಸಲ ಎಂಬುದನ್ನು ಯಾವ ತಾಯಿ ಊಹಿಸುತ್ತಾಳೆ? ಕೊನೆಗೆ, ಭಾವ ಮಕ್ಕಳ ಸಾಲಿನಿಂದ ತಿರುಗಿ ಓಡಿದ್ದನ್ನು ನೋಡಿ ಏನೋ ಹೊಳೆದಿರಬೇಕು ಎಂಬಲ್ಲಿಗೆ ನಿಲ್ಲಿಸಿದೆ. ವಿದ್ಯಾರ್ಥಿ ಇಂಥ ಉತ್ತರ ಬರೆದಿದ್ದರೆ ನಾನು ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ನಾನೂ ಅವರ ಜೊತೆ ಹಳ್ಳಿಗೆ ಹೋದೆ. ಸೊಪ್ಪಿನ ಕಾಲವಲ್ಲ, ಬ್ಯಾರನ್ನು ತಣ್ಣಗೆ ಬಾಗಿಲು ಹಾಕಿಕೊಂಡಿತ್ತು. ಹಿಂದೆ ಗಿಡಗಂಟಿ ಬೆಳೆದಿತ್ತು. ಭಾವ ಕೋಲಿನಿಂದ ಗಿಡ ಸರಿಸಿ, ಗೋಡೆಯ ಮೂಲೆಯಿಂದ ಹೆಜ್ಜೆ ಹಾಕಿ ಒಂದು ಕಡೆ ಕೋಲು ಊರಿದರು. ಅಕ್ಕ ತಲೆಯಲ್ಲಾಡಿಸಿ, ಅಲ್ಲಿಂದ ಇನ್ನಷ್ಟು ಆಚೆಗೆ, ನೆಲ ಸ್ವಲ್ಪ ತಗ್ಗಿದ್ದ ಕಡೆ ಹೋಗಿ ನಿಂತಳು.

"ಇಲ್ಲಿ" ಎಂದಳು.

ಅಗೆದದ್ದು ನಾನು, ನನಗೆ ಗೊತ್ತಿಲ್ಲವೇ ಎಂದರು ಭಾವ. ಅವಳು ವಾದ ಮಾಡಲಿಲ್ಲ, ಅಲ್ಲೇ ಕುಳಿತಳು. ಭಾವ ಕೋಲು ಊರಿಕೊಂಡು ಗೋಡೆಯನ್ನು ನೋಡಿದರು, ಒಲೆಯ ಬಾಯಿ ಇದ್ದ ಕಡೆ ನೋಡಿದರು, ನೆಲವನ್ನು ನೋಡಿದರು. ನಡುವೆ ಒಂದು ಸಲ ಗೋಡೆ ಬಿದ್ದು ಕಟ್ಟಿಸಿದ್ದುಂಟು. ಮೂಲೆ ಅದೇ ಮೂಲೆಯೋ ಅಲ್ಲವೋ ಎಂದು ತಮ್ಮಲ್ಲೇ ಏನೋ ಹೇಳಿಕೊಂಡರು. ಯಾರು ಸರಿ ಎಂದು ನೋಡಲು ಒಂದೇ ದಾರಿಯಿತ್ತು. ಅದನ್ನು ಮೂವರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಭಾವ ತಮ್ಮ ಜಾಗ ಬಿಟ್ಟು ನಿಧಾನವಾಗಿ ಬಂದು ಅವಳ ಪಕ್ಕದಲ್ಲಿ ಕುಳಿತರು.

ಅಕ್ಕ ನೆಲದ ಮೇಲೆ ಅಂಗೈ ಊರಿದಳು. ಆಮೇಲೆ ಕೂಸಿನ ಹೆಸರು ಹೇಳಿದಳು. ಒಂದೇ ಸಲ, ಸಣ್ಣಗೆ. ನಾನು ಆ ಹೆಸರನ್ನು ಮರೆತೇಹೋಗಿದ್ದೆ.

ಭಾವ ಬಿಂದಿಗೆಯಲ್ಲಿ ನೀರು ತರಲು ಬಾವಿಯ ಕಡೆ ಹೋದಾಗ ನಾನು ಕೇಳಿಯೇಬಿಟ್ಟೆ. ಅಲ್ಲಿ ಕೆಳಗೆ, ಆ ಪೆಟ್ಟಿಗೆಯ ಹತ್ತಿರ, ನಿನಗೆ ಇದನ್ನು ಯಾರು ಹೇಳಿದರು ಎಂದೆ. ಆ ಕೂಸೇ ಎಂದಳು, ಅದರಲ್ಲಿ ಕೇಳುವುದೇನಿದೆ ಎಂಬ ಹಾಗೆ. ಅದು ಇಟಲಿಯ ಕೂಸಲ್ಲವೇ ಅಕ್ಕ, ಯಾವ ಭಾಷೆಯಲ್ಲಿ ಹೇಳಿತು ಎಂದೆ. ನಾನು ವ್ಯಂಗ್ಯಕ್ಕೆ ಕೇಳಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

ಅಕ್ಕ ನನ್ನ ಕಡೆ ತಿರುಗಿದಳು. ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತದ ಹುಡುಗರನ್ನು ನಾನು ನೋಡುತ್ತಿದ್ದ ಹಾಗೆ ನೋಡಿದಳು.

"ಮಾತು ಬರೋ ವಯ್ಸೇನ್ಲಾ ಅದುಕ್ಕೆ?" ಎಂದಳು.

ಇದಾದ ಮೇಲೆ ಕೇಳಬೇಕಾದ ಮುಂದಿನ ಪ್ರಶ್ನೆ ಯಾವುದೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.